ರಕ್ತಪಿಶಾಚಿಯ ಹಾಳೆ, ನಮ್ಮ ಕೇರಿಯ ಹಾಳೆ

ಶಹಾಪುರದ ರದ್ದಿ ಅಂಗಡಿಯವನು ನಮ್ಮನ್ನು ಕಂಡ ಕೂಡಲೇ "ಬಂದ್ರು ನೋಡ್ರಿ, ಹಳೇ ಹಾಳಿ ಹುಡುಕೋರು" ಅಂತ ನಗುತ್ತಾನೆ. ನಾವು ನಾಲ್ಕೈದು ಮಂದಿ. ಯಾದಗಿರಿ, ಶಹಾಪುರ, ಸುರಪುರದ ಕೇರಿಗಳಿಂದ ಬಂದವರು. ನಮ್ಮ ಮನೆಗಳಲ್ಲಿ ಪದವಿ ಕಂಡವರು ನಾವೇ ಮೊದಲು. ನಾವು ಹುಡುಕುವುದು ಬೆಲೆಬಾಳುವ ಗ್ರಂಥಗಳನ್ನಲ್ಲ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಹುಟ್ಟಿ ನಾಲ್ಕು ಸಂಚಿಕೆ ಉಸಿರಾಡಿ ಸತ್ತ ಸಣ್ಣ ಪತ್ರಿಕೆಗಳನ್ನು, ಸೈಕ್ಲೋಸ್ಟೈಲ್ ಮಾಡಿದ ಹಾಡಿನ ಹಾಳೆಗಳನ್ನು, ಸಭೆಯ ಕರಪತ್ರಗಳನ್ನು, ಸಿನಿಮಾ ಅಭಿಮಾನಿ ಸಂಘಗಳ ಚಂದಾ ರಶೀದಿಗಳನ್ನು. "ಇದನ್ನ ತಗೊಂಡು ಏನ್ ಮಾಡ್ತೀರೋ ತಮ್ಮಾ?" ಎಂದು ಹಿರಿಯರು ಕೇಳುತ್ತಾರೆ. ಉತ್ತರ ಹೇಳುವ ಮೊದಲು ದೂರದ ಒಂದು ಸಂಗತಿ ಹೇಳುತ್ತೇವೆ. ಅದು ನಮ್ಮ ಹುಚ್ಚಿಗಿಂತ ದೊಡ್ಡ ಹುಚ್ಚು.

1897ರಲ್ಲಿ ಬ್ರಾಮ್ ಸ್ಟೋಕರ್ ಎಂಬ ಐರಿಷ್ ಲೇಖಕ 'ಡ್ರಾಕುಲಾ' ಬರೆದ. ರಾತ್ರಿ ಎದ್ದು ಜೀವಂತ ಮನುಷ್ಯರ ರಕ್ತ ಹೀರುವ ಜಮೀನ್ದಾರನ ಕಥೆ ಅದು. ಆ ಪಿಶಾಚಿಗೆ ಆಮೇಲೆ ಅಭಿಮಾನಿ ಸಂಘಗಳು ಹುಟ್ಟಿದವು! 1962ರಲ್ಲಿ ಲಾಸ್ ಏಂಜಲೀಸಿನಲ್ಲಿ ಒಂದು, 1965ರಲ್ಲಿ ಜೀನ್ ಯಂಗ್‌ಸನ್ ಎಂಬಾಕೆ ಕಟ್ಟಿದ್ದು ಇನ್ನೊಂದು, 1973ರಲ್ಲಿ ಲಂಡನ್ನಿನಲ್ಲಿ ಮತ್ತೊಂದು. 1966ರಿಂದ 1971ರವರೆಗೆ ಅಮೆರಿಕದ ಟಿವಿಯಲ್ಲಿ ಬಂದ 'ಡಾರ್ಕ್ ಶ್ಯಾಡೋಸ್' ಧಾರಾವಾಹಿ ನಿಂತುಹೋದಾಗ, ಅದನ್ನು ಮರೆಯಲಾರದ ನೋಡುಗರು ತಾವೇ ಪತ್ರಿಕೆ ಮಾಡಿಕೊಂಡರು. 1977ರಲ್ಲಿ ಮಾರ್ಟಿನ್ ರಿಕಾರ್ಡೊ ಎಂಬುವನು ರಕ್ತಪಿಶಾಚಿಗಳ ಅಧ್ಯಯನಕ್ಕೇ ಒಂದು ಪತ್ರಿಕೆ ತೆಗೆದ. ಇಂಥವುಗಳಿಗೆ ಅಲ್ಲಿ ಫ್ಯಾನ್‌ಜೀನ್ ಅಂತಾರೆ. ಸಂಬಳವಿಲ್ಲ, ಲಾಭವಿಲ್ಲ. ಬರೆಯುವವನೇ ಅಚ್ಚು ಹಾಕುವವನು, ಅವನೇ ಅಂಚೆಗೆ ಹಾಕುವವನು.

ಇದನ್ನು ಓದಿ ನಾವು ಮೊದಲು ನಕ್ಕೆವು. ಹೊಟ್ಟೆ ತುಂಬಿದವರ ಆಟ ಅಂದೆವು. ಆಮೇಲೆ ಒಂದು ಮಾತು ಗೊತ್ತಾಗಿ ನಗು ನಿಂತಿತು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಂಥ ಕಡೆ ಫ್ಯಾನ್‌ಜೀನ್‌ಗಳನ್ನು ಪೆಟ್ಟಿಗೆ ಪೆಟ್ಟಿಗೆಯಾಗಿ ಜೋಡಿಸಿ ಪಟ್ಟಿ ಮಾಡಿ ಕಾಪಾಡಿದ್ದಾರೆ. ಇಲ್ಲದ ಪಿಶಾಚಿಯ ಹಾಳೆಗೆ ಕಪಾಟು ಸಿಕ್ಕಿದೆ. ಇದ್ದ ಮನುಷ್ಯರ ನೋವಿನ ಹಾಳೆ ನಮ್ಮಲ್ಲಿ ಕಿಲೋ ಲೆಕ್ಕದಲ್ಲಿ ತೂಗುತ್ತಿದೆ.

ಅವರದೂ ನಮ್ಮದೂ ಯಂತ್ರ ಮಾತ್ರ ಒಂದೇ. ಮೇಣ ಸವರಿದ ಸ್ಟೆನ್ಸಿಲ್ ಹಾಳೆಯ ಮೇಲೆ ಕಬ್ಬಿಣದ ಮೊನೆಯಿಂದ ಗೀರುವುದು. ಗೀರಿದಲ್ಲಿ ಮೇಣ ಕಿತ್ತು ಅಕ್ಷರದಷ್ಟು ದಾರಿಯಾಗುತ್ತದೆ. ಉರುಳೆ ತಿರುಗಿಸಿದರೆ ಆ ದಾರಿಯಿಂದ ಮಸಿ ಇಳಿದು ಕೆಳಗಿನ ಹಾಳೆಗೆ ಹತ್ತುತ್ತದೆ. ಕೆಲವು ನೂರು ಪ್ರತಿ ಆಗುವಷ್ಟರಲ್ಲಿ ಸ್ಟೆನ್ಸಿಲ್ ಹರಿದು ಹೋಗುತ್ತದೆ. ಅಷ್ಟೇ ಅದರ ಆಯುಷ್ಯ. ಅಚ್ಚುಮೊಳೆ ಕೊಳ್ಳಲಾರದವನ ಅಚ್ಚುಕೂಟ ಅದು.

ನಮ್ಮ ಕಡೆಯ ಕಥೆ ನಿಮಗೆ ಗೊತ್ತಿದ್ದದ್ದೇ. 1964ರಲ್ಲಿ ಧಾರವಾಡದಲ್ಲಿ ಚಂಪಾ, ಗಿರಡ್ಡಿ, ಪಟ್ಟಣಶೆಟ್ಟಿ ಸೇರಿ 'ಸಂಕ್ರಮಣ' ತಂದರು. 1973ರಲ್ಲಿ 'ಶೂದ್ರ' ಬಂತು. ಅದೇ ವರ್ಷದ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದರು. ರಾಜ್ಯ ಹೊತ್ತಿಕೊಂಡಿತು, ಕೇರಿಯ ಹುಡುಗರ ಬೆನ್ನ ಮೇಲೆ ಏಟು ಬಿದ್ದವು, ಮಂತ್ರಿಗಿರಿ ಹೋಯಿತು. ಆ ಏಟಿನಿಂದಲೇ ಎಚ್ಚರ ಬಂತು. 'ಪಂಚಮ' ಬಂತು. ದಲಿತ ಸಂಘರ್ಷ ಸಮಿತಿ ಬೆಳೆಯಿತು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. 1979ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. ಈ ದೊಡ್ಡ ಹೆಸರುಗಳಿಗೆ ಅಷ್ಟು ಭಯವಿಲ್ಲ. ಭಯವಿರುವುದು ಇವುಗಳ ಹಿಂದೆ ತಾಲ್ಲೂಕು ತಾಲ್ಲೂಕಿನಲ್ಲಿ ಹುಟ್ಟಿದ, ಹೆಸರೂ ಉಳಿಯದ ಹಾಳೆಗಳಿಗೆ. ಬೆಂಗಳೂರು, ಮೈಸೂರಿನ ಪತ್ರಿಕೆ ರೈಲಿನಲ್ಲಿ ಯಾದಗಿರಿಗೆ ಬಂದು, ಬಸ್ಸು ಹತ್ತಿ ಶಹಾಪುರ, ಸುರಪುರಕ್ಕೆ ಹೋಗಬೇಕು. ಹಾಸ್ಟೆಲಿನಲ್ಲಿ ಒಬ್ಬ ಗಟ್ಟಿಯಾಗಿ ಓದಬೇಕು, ಇಪ್ಪತ್ತು ಮಂದಿ ಕೇಳಬೇಕು. ಹಿಂಗ ಓದಿ ಓದಿ ಮಡಿಕೆಯಲ್ಲೇ ಹರಿದುಹೋದವು. ಹೆಚ್ಚು ಓದಿದ ಹಾಳೆಯೇ ಮೊದಲು ಸತ್ತಿತು.

ಆ ಹಾಳೆಗಳಲ್ಲೂ ರಕ್ತ ಹೀರುವವನಿದ್ದ. ಅವನು ಪೆಟ್ಟಿಗೆಯಲ್ಲಿ ಮಲಗುತ್ತಿರಲಿಲ್ಲ, ಹಗಲಲ್ಲೇ ತಿರುಗುತ್ತಿದ್ದ. ಅವನಿಗೆ ಬೆಳ್ಳುಳ್ಳಿಯ ಭಯವೂ ಇರಲಿಲ್ಲ, ದೇವರ ಭಯವೂ ಇರಲಿಲ್ಲ. ಅವನ ಹಲ್ಲು ಬಾಯಲ್ಲಲ್ಲ, ಬಡ್ಡಿಯ ಲೆಕ್ಕದ ಪುಸ್ತಕದಲ್ಲಿತ್ತು. 1976ರಲ್ಲಿ ಜೀತ ರದ್ದತಿ ಕಾಯಿದೆ ಬಂದ ಮೇಲೂ ಆ ಪುಸ್ತಕ ಮುಚ್ಚಲಿಲ್ಲ.

ಹಾಗಾದರೆ ನಮ್ಮಲ್ಲಿ ದೆವ್ವಕ್ಕೆ ಅಭಿಮಾನಿಗಳು ಇರಲಿಲ್ಲವೇ? ಇದ್ದರು. 1947ರಲ್ಲಿ ಮದರಾಸಿನಲ್ಲಿ ಹುಟ್ಟಿ ಆಮೇಲೆ ಕನ್ನಡಕ್ಕೂ ಬಂದು, ಈಗ ನಿಂತುಹೋಗಿರುವ 'ಚಂದಮಾಮ'ದ ಬೇತಾಳನಿಗಾಗಿ ಹುಡುಗರು ಕಾದು ಕುಳಿತಿದ್ದರು. ಆ ಬೇತಾಳನ ಕಥೆಗಳನ್ನು ರಿಚರ್ಡ್ ಬರ್ಟನ್ 1870ರಲ್ಲಿ ಇಂಗ್ಲಿಷಿಗೆ ತಂದಾಗ ಇಟ್ಟ ಹೆಸರು 'ವಿಕ್ರಮ್ ಅಂಡ್ ದಿ ವ್ಯಾಂಪೈರ್'. ಸಿನಿಮಾದವರಿಗೂ ಸಂಘಗಳಿದ್ದವು. 1982ರ ಗೋಕಾಕ್ ಚಳವಳಿಗೆ ರಾಜ್‌ಕುಮಾರ್ ಇಳಿದಾಗ ಅಭಿಮಾನಿ ಸಂಘಗಳ ಬಲ ಎಷ್ಟೆಂದು ನಾಡು ಕಂಡಿತು. ಅಂಥ ಸಂಘದ ರಶೀದಿಯನ್ನೂ ನಾವು ಬಿಡುವುದಿಲ್ಲ. ಯಾಕಂದ್ರ ಕೇರಿಯ ಎಷ್ಟೋ ಹುಡುಗರಿಗೆ ಕಾರ್ಯದರ್ಶಿ, ಖಜಾಂಚಿ ಎಂಬ ಮಾತಿನ ಕೆಳಗೆ ತಮ್ಮ ಹೆಸರು ಕಂಡದ್ದು ಅಲ್ಲೇ ಮೊದಲು.

ಆದರೆ ಊರಿನ ದೆವ್ವ ಪುಸ್ತಕದ ದೆವ್ವವಲ್ಲ. ನಮ್ಮ ಭಾಗದಲ್ಲಿ ಅದರ ಹೆಸರು ಬಾಣಾಮತಿ. ಅದು ಕಥೆಯಲ್ಲ, ಆಪಾದನೆ. ಊರಲ್ಲಿ ಯಾರದೋ ಕೂಸಿಗೆ ಜ್ವರ ಬಂದರೆ ಬೆರಳು ತಿರುಗುವುದು ಒಂಟಿ ಹೆಂಗಸಿನ ಕಡೆಗೆ, ಕೇರಿಯ ಕಡೆಗೆ. ಮಾಟ, ದೆವ್ವದ ಹೆಸರಿನ ಹಿಂಸೆಯ ವಿರುದ್ಧ ಕರ್ನಾಟಕ 2017ರಲ್ಲಿ ಕಾಯಿದೆ ಮಾಡಿ 2020ರಲ್ಲಿ ಜಾರಿಗೆ ತರಬೇಕಾಯಿತು ಅಂದರೆ ನೀವೇ ಲೆಕ್ಕ ಹಾಕಿರಿ. ಅಮೆರಿಕದವರು ಪಿಶಾಚಿಯನ್ನು ಪ್ರೀತಿಸಿ ಪತ್ರಿಕೆ ಮಾಡಿದರು. ನಾವು ಪಿಶಾಚಿ ಅನ್ನಿಸಿಕೊಂಡವರು ಪತ್ರಿಕೆ ಮಾಡಿದೆವು.

ಪಿಶಾಚಿ ಅನ್ನಿಸಿಕೊಂಡವರ ಬರಹಕ್ಕೆ ಏನಾಗುತ್ತದೆ ಎಂಬುದಕ್ಕೆ ಒಂದು ಹಳೆಯ ಕಥೆಯೇ ಇದೆ. ಗುಣಾಢ್ಯ 'ಬೃಹತ್ಕಥೆ'ಯನ್ನು ಬರೆದದ್ದು ಪೈಶಾಚಿ ಭಾಷೆಯಲ್ಲಿ. ಕಾಡಿನಲ್ಲಿ ಮಸಿ ಸಿಗದೆ ತನ್ನ ರಕ್ತದಲ್ಲೇ ಏಳು ಲಕ್ಷ ಶ್ಲೋಕ ಬರೆದನಂತೆ. ಸಾತವಾಹನ ರಾಜ, ಭಾಷೆ ಪಿಶಾಚಿಗಳದು, ಮಸಿ ರಕ್ತದ್ದು ಎಂದು ತಿರಸ್ಕರಿಸಿದ. ಗುಣಾಢ್ಯ ಒಂದೊಂದೇ ಹಾಳೆಯನ್ನು ಪ್ರಾಣಿಗಳಿಗೆ ಓದಿ ಹೇಳಿ ಬೆಂಕಿಗೆ ಹಾಕಿದ. ಪ್ರಾಣಿಗಳು ಮೇವು ಬಿಟ್ಟು ಅಳುತ್ತ ಕೂತವು. ಅರಮನೆಗೆ ಬರುವ ಮಾಂಸ ಒಣಗಿತು. ಆಗ ರಾಜ ಓಡಿಬಂದ. ಕಾವ್ಯಕ್ಕಾಗಿ ಅಲ್ಲ, ಊಟ ಕೆಟ್ಟಿತೆಂದು! ಆ ಹೊತ್ತಿಗೆ ಉಳಿದದ್ದು ಒಂದೇ ಲಕ್ಷ. ಕಥೆ ಕಥೆಯೇ ಇರಲಿ, ಪೈಶಾಚಿಯ ಬೃಹತ್ಕಥೆ ಇವತ್ತು ಎಲ್ಲೂ ಸಿಗದಿರುವುದು ಮಾತ್ರ ನಿಜ. ಉಳಿದದ್ದು ಸೋಮದೇವನ 'ಕಥಾಸರಿತ್ಸಾಗರ'ದಂಥ ಬೇರೆಯವರ ಸಂಸ್ಕೃತದಲ್ಲಿ.

ಆ ಸಾತವಾಹನರ ಗುರುತು ನಮ್ಮ ಪಕ್ಕದಲ್ಲೇ ಇದೆ. ಭೀಮಾ ದಂಡೆಯ ಸನ್ನತಿ, ಕನಗನಹಳ್ಳಿ. 1990ರ ದಶಕದ ಉತ್ಖನನದಲ್ಲಿ ಬೌದ್ಧ ಸ್ತೂಪ ಎದ್ದುಬಂತು. ಅಶೋಕನ ಚಿತ್ರದ ಜೊತೆ 'ರಾಯ ಅಸೋಕೋ' ಎಂಬ ಬರಹ, ಸಾತವಾಹನ ರಾಜರ ಚಿತ್ರಗಳು. ಎರಡು ಸಾವಿರ ವರ್ಷ ಮಣ್ಣಲ್ಲಿದ್ದರೂ ರಾಜರು ಸಿಕ್ಕರು, ಯಾಕಂದ್ರ ಅವರು ಕಲ್ಲಲ್ಲಿದ್ದರು. ಸುರಪುರದ ಕಥೆಯೂ ಬೇರೆಯಲ್ಲ. ಬ್ರಿಟಿಷರ ವಿರುದ್ಧ ನಿಂತು 1858ರಲ್ಲಿ ಪ್ರಾಣ ಕಳೆದುಕೊಂಡ ರಾಜಾ ವೆಂಕಟಪ್ಪ ನಾಯಕನ ಬಾಲ್ಯ ತಿಳಿಯಬೇಕಾದರೆ ನಾವು ಮೆಡೋಸ್ ಟೇಲರನ ಆತ್ಮಕಥೆ ತೆರೆಯಬೇಕು. ಟೇಲರ್ ಅವನನ್ನು ಪ್ರೀತಿಸಿದ, ಸರಿ. ಆದರೆ ಹಾಳೆ ಸಾಹೇಬನದು. ಇನ್ನು ರಾಜನ ಜೊತೆ ಹೋದ ಬೇಡರ ದಂಡಿನ ಆಳುಗಳು ಏನು ಮಾತಾಡಿಕೊಂಡರು? ಅದಕ್ಕೆ ಹಾಳೆಯೇ ಇಲ್ಲ.

ನಮ್ಮಲ್ಲೂ ಬೆಂಕಿ ಬಿದ್ದಿದೆ. ನಮ್ಮೊಬ್ಬ ಗೆಳೆಯನ ಕಾಕಾ ಹಳೇ ಸಂಚಿಕೆಗಳನ್ನು ಟ್ರಂಕಿನಲ್ಲಿಟ್ಟಿದ್ದ. ಅವನು ಸತ್ತ ಮೇಲೆ ಮಳೆಗಾಲದಲ್ಲಿ ಗೆಳೆಯನ ಅವ್ವ ದಿನಕ್ಕೆರಡು ಹಾಳೆ ಹರಿದು ಒಲೆ ಹೊತ್ತಿಸಿದಳು. ನಾವು ಹೋದಾಗ ಉಳಿದದ್ದು ಎರಡು ರಟ್ಟು. "ನಂಗೇನು ಗೊತ್ತೋ ಯಪ್ಪಾ, ಓದಾಕ ಬರತಿದ್ರ ಸುಡತಿದ್ನಾ?" ಅಂದಳು. ಆ ತಾಯಿಯ ತಪ್ಪಲ್ಲ ಅದು. ಅವಳ ಕೈಗೆ ಅಕ್ಷರ ಕೊಡದವರ ತಪ್ಪು. ಆದರೆ ಓದಲು ಬರುವವರೂ ಸುಟ್ಟಷ್ಟೇ ಮಾಡಿದ್ದಾರೆ. ಒಂದು ಗ್ರಂಥಾಲಯಕ್ಕೆ ನಾವು ಒಂದು ಗಂಟು ಒಯ್ದು ಕೊಟ್ಟೆವು. ನೋಂದಣಿ ಸಂಖ್ಯೆ ಇಲ್ಲ, ರಟ್ಟಿಲ್ಲ, ಬೆಲೆ ಇಲ್ಲ ಎಂದು ವಾಪಸು ಕೊಟ್ಟರು. ಆ ಹಾಳೆಗಳ ಮೇಲೆ ಇದ್ದದ್ದು 'ಖಾಸಗಿ ಪ್ರಸಾರಕ್ಕೆ ಮಾತ್ರ' ಎಂಬ ಸಾಲು. ಅದನ್ನು ಅವರು ಮನಸ್ಸಿಗೆ ತಗೊಂಡರು!

ಅದಕ್ಕೇ ಗೆಳೆಯರೇ, ಮಾಸ್ತರರೇ, ಈ ಕೆಲಸ ನಮ್ಮದೇ. ನಿಮ್ಮೂರಿನಲ್ಲಿ ಚಳವಳಿ ಮಾಡಿದ ಹಿರಿಯರಿದ್ದರೆ ಅವರ ಅಟ್ಟ ಹತ್ತಿರಿ. ಸಿಕ್ಕ ಹಾಳೆಯನ್ನು ಅಂಟಿಸಬೇಡಿರಿ, ಒದ್ದೆ ಗೋಡೆಗೆ ತಾಗಿಸಬೇಡಿರಿ, ಬೇವಿನೆಲೆ ಒಣಗಿಸಿ ನಡುವೆ ಇಡಿರಿ. ಫೋನಿನಲ್ಲಿ ಎರಡೂ ಮಗ್ಗುಲ ಚಿತ್ರ ತೆಗೆದುಕೊಳ್ಳಿರಿ. ಯಾರು ಬರೆದರು, ಯಾರು ಸ್ಟೆನ್ಸಿಲ್ ಗೀರಿದರು, ಯಾರು ಸೈಕಲ್ಲಿನ ಮೇಲೆ ಹಂಚಿದರು, ಯಾವ ಹಾಸ್ಟೆಲಿನಲ್ಲಿ ಓದಿದರು ಎಂದು ಕೇಳಿ ಬರೆದಿಡಿರಿ. ಪದ್ಯ ಕೆಟ್ಟದ್ದಿದ್ದರೂ ಇಡಿರಿ, ಕಾಗುಣಿತ ತಪ್ಪಿದ್ದರೂ ತಿದ್ದಬೇಡಿರಿ. ಮೊದಲ ಸಲ ಅಕ್ಷರ ಹಿಡಿದ ಕೈ ನಡುಗಿದ್ದಕ್ಕೆ ಆ ತಪ್ಪೇ ಸಾಕ್ಷಿ.

ಕಳೆದ ವಾರ ರದ್ದಿ ಅಂಗಡಿಯವನೇ ನಮ್ಮನ್ನು ಕರೆದು ಒಂದು ಕಟ್ಟು ತೆಗೆದಿಟ್ಟಿದ್ದ. "ಇದು ನಿಮ್ಮದಿರಬೇಕು ನೋಡ್ರಿ" ಅಂದ. ಬಿಚ್ಚಿದರೆ ಅರ್ಧ ಗೆದ್ದಲು ತಿಂದಿತ್ತು. ಅರ್ಧ ಇತ್ತು. ತೂಗಿಸಿ ದುಡ್ಡು ಕೊಟ್ಟು ತಗೊಂಡು ಬಂದೆವು.