ಉಪಚುನಾವಣೆಯ ವೆಚ್ಚವನ್ನು ಹೊರುವವರಾರು?

ತುಮಕೂರು ಜಿಲ್ಲೆಯಲ್ಲಿ ಗುಬ್ಬಿ, ಕುಣಿಗಲು ಎಂಬವು ಎರಡು ತಾಲ್ಲೂಕುಗಳು. ಮೊದಲನೆಯದು ವೀರಣ್ಣನವರ ನಾಟಕ ಕಂಪೆನಿಯಿಂದ ನಾಡಿಗೆಲ್ಲ ಪರಿಚಿತವಾದದ್ದು. ಎರಡನೆಯದು ತನ್ನ ದೊಡ್ಡ ಕೆರೆಯಿಂದಲೂ ಕುದುರೆ ಫಾರಮಿನಿಂದಲೂ ಹೆಸರಾದದ್ದು. ಎರಡಕ್ಕೂ ಜಿಲ್ಲಾಕಚೇರಿ ಒಂದೇ; ಅದು ತುಮಕೂರು ನಗರದಲ್ಲಿದೆ. ಹೀಗಿದ್ದರೂ 2013ನೆಯ ಇಸವಿ ಆಗಸ್ಟ್ 21ರಂದು ಕುಣಿಗಲಿನವರು ಲೋಕಸಭೆಯ ಉಪಚುನಾವಣೆಗಾಗಿ ಮತಗಟ್ಟೆಗೆ ನಡೆದರು. ಗುಬ್ಬಿಯವರು ಎಂದಿನಂತೆ ತಮ್ಮ ತಮ್ಮ ಕೆಲಸಕ್ಕೆ ಹೋದರು.

ಇದರ ಕಾರಣ ಸರಳವಾದದ್ದು. 2008ರಲ್ಲಿ ಜಾರಿಗೆ ಬಂದ ಕ್ಷೇತ್ರವಿಂಗಡಣೆಯಲ್ಲಿ ತುಮಕೂರು ಜಿಲ್ಲೆಯ 11 ವಿಧಾನಸಭಾ ಕ್ಷೇತ್ರಗಳು ಮೂರು ಲೋಕಸಭಾ ಕ್ಷೇತ್ರಗಳಿಗೆ ಹಂಚಿಹೋದವು. ತುಮಕೂರು ನಗರ, ಗುಬ್ಬಿ ಮೊದಲಾದ ಎಂಟು ತುಮಕೂರು ಕ್ಷೇತ್ರದಲ್ಲಿ ಉಳಿದವು. ಶಿರಾ, ಪಾವಗಡಗಳು ಚಿತ್ರದುರ್ಗಕ್ಕೆ ಸೇರಿದವು. ಕುಣಿಗಲು ಬೆಂಗಳೂರು ಗ್ರಾಮಾಂತರಕ್ಕೆ ಸೇರಿತು. ಆ ಗ್ರಾಮಾಂತರ ಕ್ಷೇತ್ರದ ಸದಸ್ಯರಾಗಿದ್ದ ಶ್ರೀ ಎಚ್. ಡಿ. ಕುಮಾರಸ್ವಾಮಿಯವರು 2013ರ ಮೇ ತಿಂಗಳಲ್ಲಿ ರಾಮನಗರದಿಂದ ವಿಧಾನಸಭೆಗೆ ಆರಿಸಿಬಂದು ಲೋಕಸಭೆಯ ಸ್ಥಾನವನ್ನು ಬಿಟ್ಟುಕೊಟ್ಟರು. ತೆರವಾದ ಸ್ಥಾನಕ್ಕೆ ಉಪಚುನಾವಣೆ ನಡೆದು ಶ್ರೀ ಡಿ. ಕೆ. ಸುರೇಶರು ಆಯ್ಕೆಯಾದರು. ಮರುವರ್ಷ ಏಪ್ರಿಲ್ 17ರಂದು ಲೋಕಸಭೆಯ ಮಹಾಚುನಾವಣೆಯೇ ಬಂದಿತು. ಹೀಗೆ 2013ರ ಮೇ 5, ಆಗಸ್ಟ್ 21, 2014ರ ಏಪ್ರಿಲ್ 17 ಎಂದು ಒಂದು ವರ್ಷ ತುಂಬುವುದರೊಳಗೆ ಕುಣಿಗಲಿನ ಮತದಾರನ ಬೆರಳಿಗೆ ಮೂರು ಬಾರಿ ಮಸಿ ತಾಗಿತು. ಆ ಮಸಿ ಮೂರು ಬಾರಿಯೂ ನಮ್ಮ ಮೈಸೂರಿನದೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಸ್ಥಾಪಿತವಾದ ಅರಗು ಮತ್ತು ಬಣ್ಣದ ಕಾರ್ಖಾನೆಯೇ 1962ರಿಂದ ಇಡೀ ದೇಶದ ಚುನಾವಣೆಗಳಿಗೆ ಅದನ್ನು ಒದಗಿಸುತ್ತ ಬಂದಿದೆ.

ಮಸಿಯೇನೋ ಒಂದೇ ಊರಿನದು. ಅದರ ಬೆಲೆಯನ್ನೂ ಅದರ ಹಿಂದಿನ ಮಹಾವೆಚ್ಚವನ್ನೂ ಕೊಡುವವರಾರು? ಈ ಪ್ರಶ್ನೆಯನ್ನು ನಾವು ಇಂದು ಸ್ವಲ್ಪ ವಿಚಾರಮಾಡೋಣ.

ಚುನಾವಣೆಯ ಹಣ ಎಂದು ನಾವು ಒಟ್ಟಾಗಿ ಕರೆಯುವುದರಲ್ಲಿ ಮೂರು ಬಾಬುಗಳು ಸೇರಿವೆ. ಒಂದು, ಉಮೇದುವಾರನು ನಾಮಪತ್ರದೊಡನೆ ಕಟ್ಟುವ ಠೇವಣಿ. ಎರಡು, ತನ್ನ ಪ್ರಚಾರಕ್ಕಾಗಿ ಅವನು ಮಾಡುವ ಖರ್ಚು. ಮೂರು, ಚುನಾವಣೆಯನ್ನು ನಡೆಸುವುದಕ್ಕಾಗಿ ಸರ್ಕಾರ ಮಾಡುವ ಖರ್ಚು. ಇವು ಮೂರೂ ಬೇರೆ ಬೇರೆ ಎಂಬುದನ್ನು ಮರೆತರೆ ಲೆಕ್ಕವೂ ತಪ್ಪುತ್ತದೆ, ನ್ಯಾಯವೂ ತಪ್ಪುತ್ತದೆ.

ಪಾರ್ಲಿಮೆಂಟುಗಳ ತವರೆನಿಸಿದ ಇಂಗ್ಲೆಂಡಿನಲ್ಲಿ ಬಹುಕಾಲ ಈ ಮೂರನೆಯ ಬಾಬು ಕೂಡ ಉಮೇದುವಾರರ ಮೇಲೆಯೇ ಬೀಳುತ್ತಿದ್ದಿತು. ಮತಗಟ್ಟೆಯನ್ನು ಕಟ್ಟುವ ಮರಗೆಲಸದವನ ಕೂಲಿ, ಗುಮಾಸ್ತರ ಸಂಬಳ, ಚುನಾವಣಾಧಿಕಾರಿಯ ಫೀಜು, ಎಲ್ಲವನ್ನೂ ಸ್ಪರ್ಧಿಸಿದವರೇ ಹಂಚಿಕೊಂಡು ತೆರಬೇಕಾಗಿದ್ದಿತು. ಅಧಿಕಾರಿಗಳು ಮನಬಂದಂತೆ ವಸೂಲು ಮಾಡಬಾರದೆಂದು 1875ರಲ್ಲಿ ಕಾನೂನಿನ ಮೂಲಕ ಆ ಫೀಜುಗಳಿಗೆ ಒಂದು ದರದ ಪಟ್ಟಿಯನ್ನು ಕಟ್ಟಿದರು. 1883ರಲ್ಲಿ ಪ್ರಚಾರದ ಖರ್ಚಿಗೂ ಮೇರೆ ಹಾಕಿದರು. ಕಡೆಗೆ 1918ರಲ್ಲಿ ಚುನಾವಣೆ ನಡೆಸುವ ವೆಚ್ಚವನ್ನು ಸಾರ್ವಜನಿಕ ಖಜಾನೆಗೆ ವರ್ಗಾಯಿಸಿ, ಅದೇ ಕಾನೂನಿನಲ್ಲಿ ಪ್ರತಿಯೊಬ್ಬ ಉಮೇದುವಾರನೂ 150 ಪೌಂಡು ಠೇವಣಿ ಇಡಬೇಕೆಂದೂ, ಎಂಟರಲ್ಲಿ ಒಂದು ಪಾಲು ಮತ ಬಾರದಿದ್ದರೆ ಆ ಹಣ ಮುಟ್ಟುಗೋಲಾಗುವುದೆಂದೂ ವಿಧಿಸಿದರು. ಆ ಕಾಲದಲ್ಲಿ ಅಲ್ಲಿಯ ಸದಸ್ಯನ ವಾರ್ಷಿಕ ವೇತನ 400 ಪೌಂಡು ಮಾತ್ರ. ಫೀಜು ಹೋಗಿ ಠೇವಣಿ ಬಂದಿತು; ಅಂದರೆ ವೆಚ್ಚವನ್ನು ತುಂಬಿಕೊಳ್ಳುವ ಹಣ ಹೋಗಿ, ಸ್ಪರ್ಧೆಯ ಮನಃಪೂರ್ವಕತೆಗೆ ಹಿಡಿದಿಡುವ ಒತ್ತೆಹಣ ಬಂದಿತು. ಈ ವ್ಯತ್ಯಾಸವನ್ನು ನಾವು ನೆನಪಿನಲ್ಲಿಡಬೇಕು.

ನಮ್ಮ ಮೈಸೂರು ಸಂಸ್ಥಾನದಲ್ಲಿ ಹಣವು ಬೇರೊಂದು ಬಾಗಿಲಿನಲ್ಲಿ ನಿಂತಿದ್ದಿತು. ದಿವಾನ್ ರಂಗಾಚಾರ್ಲು ಅವರು 1881ನೆಯ ಇಸವಿ ಅಕ್ಟೋಬರ್ 7ರಂದು ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದಾಗ ಬಂದಿದ್ದ 144 ಮಂದಿಯೂ ಚುನಾಯಿತರಲ್ಲ. ಸರ್ ಕೆ. ಶೇಷಾದ್ರಿ ಅಯ್ಯರವರ ಕಾಲದಲ್ಲಿ, 1891ರಲ್ಲಿ, ಚುನಾವಣೆ ಬಂದಿತು. ಆದರೆ ಮತ ಹಾಕುವ ಹಕ್ಕು ಇಷ್ಟು ಕಂದಾಯ ಕಟ್ಟುವವರು, ಇಷ್ಟು ಮೊಹತರ್ಫ ಕೊಡುವವರು ಎಂಬ ಲೆಕ್ಕದ ಮೇಲೆ ನಿಂತಿದ್ದಿತು. ಉಳುವವನಿದ್ದರೂ ಕಂದಾಯದ ಮೊಬಲಗು ಸಾಲದಿದ್ದರೆ ಅವನು ಮತದಾರನಲ್ಲ. ಹಣದ ಬೇಲಿ ಆಗ ಮತದಾರನ ಮುಂದಿದ್ದಿತು. 1950ರ ಸಂವಿಧಾನ ಆ ಬೇಲಿಯನ್ನು ಕಿತ್ತು, ವಯಸ್ಕರೆಲ್ಲರಿಗೂ ಮತದ ಹಕ್ಕನ್ನು ಕೊಟ್ಟಿತು. ಉಮೇದುವಾರನ ಮುಂದೆ ಮಾತ್ರ ಒಂದು ಸಣ್ಣ ಬೇಲಿ ಉಳಿಯಿತು.

ಆ ಬೇಲಿಯ ಅಳತೆಯನ್ನು 1951ರ ಪ್ರಜಾಪ್ರಾತಿನಿಧ್ಯ ಕಾನೂನು ನಿಗದಿ ಮಾಡಿತು: ಲೋಕಸಭೆಗೆ 500 ರೂಪಾಯಿ, ವಿಧಾನಸಭೆಗೆ 250 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಬುಡಕಟ್ಟುಗಳವರಿಗೆ ಅದರಲ್ಲಿ ಅರ್ಧ. ಬಿದ್ದ ಸಕ್ರಮ ಮತಗಳಲ್ಲಿ ಆರರಲ್ಲೊಂದು ಪಾಲಿಗಿಂತ ಹೆಚ್ಚು ಪಡೆಯದೆ ಸೋತವನ ಠೇವಣಿ ಮುಟ್ಟುಗೋಲು. ಮಹಾಚುನಾವಣೆಗೂ ಉಪಚುನಾವಣೆಗೂ ಇದೇ ದರ.

ಈ ದರವಿದ್ದ ಕಾಲದಲ್ಲಿಯೇ ತುಮಕೂರಿಗೆ ಒಂದು ಪ್ರಸಿದ್ಧ ಉಪಚುನಾವಣೆ ಬಂದಿತು. 1962ರ ಮಹಾಚುನಾವಣೆಯಲ್ಲಿ ತುಮಕೂರಿನಿಂದ ಲೋಕಸಭೆಗೆ ಆರಿಸಿಬಂದವರು ಶ್ರೀ ಎಂ. ವಿ. ಕೃಷ್ಣಪ್ಪನವರು, ಕೇಂದ್ರದಲ್ಲಿ ಆಹಾರ ಮತ್ತು ಕೃಷಿ ಶಾಖೆಯ ಉಪಸಚಿವರಾಗಿದ್ದವರು. ಅವರು ಅದೇ ವರ್ಷ ಲೋಕಸಭೆಯನ್ನು ಬಿಟ್ಟು ಮೈಸೂರು ರಾಜ್ಯದ ಸಚಿವಮಂಡಲಕ್ಕೆ ಬಂದರು. ತೆರವಾದ ಸ್ಥಾನಕ್ಕೆ ಉಪಚುನಾವಣೆಯಲ್ಲಿ ಆರಿಸಿಬಂದವರು ಶ್ರೀ ಅಜಿತ್ ಪ್ರಸಾದ್ ಜೈನ್, ಉತ್ತರಪ್ರದೇಶದ ಸಹಾರನಪುರದವರು, ಕೇಂದ್ರದ ಮಾಜಿ ಆಹಾರ ಸಚಿವರು. ಉಪಸಚಿವರು ತೆರವು ಮಾಡಿದ ಪೀಠಕ್ಕೆ ಹಿಂದಿನ ಸಚಿವರೇ ಬಂದಂತಾಯಿತು. ಆ ಉಪಚುನಾವಣೆಯಲ್ಲಿ ಒಬ್ಬ ಉಮೇದುವಾರನಿಂದ ಕಾನೂನು ಕೇಳಿದ್ದು 500 ರೂಪಾಯಿ ಠೇವಣಿಯನ್ನು; ಅವನು ಮಾಡಬಹುದಾಗಿದ್ದ ಖರ್ಚಿನ ಗರಿಷ್ಠ ಮಿತಿ 25,000 ರೂಪಾಯಿ. ಆಗ ಪಾರ್ಲಿಮೆಂಟ್ ಸದಸ್ಯರ ವೇತನ ತಿಂಗಳಿಗೆ 400 ರೂಪಾಯಿ. ಠೇವಣಿಯು ಒಂದು ತಿಂಗಳ ವೇತನವನ್ನು ಮೀರಿದ್ದಿತು.

ಕುಣಿಗಲಿನವರು ಮತ ಹಾಕಿದ 2013ರ ವೇಳೆಗೆ ಅಂಕೆಗಳೆಲ್ಲ ಬೆಳೆದಿದ್ದವು. ಲೋಕಸಭೆಯ ಠೇವಣಿ 1996ರಲ್ಲಿ 10,000 ರೂಪಾಯಿಗೂ, 2009ರ ತಿದ್ದುಪಡಿಯಿಂದ 25,000 ರೂಪಾಯಿಗೂ ಏರಿತು. 1996ರ ಏರಿಕೆಗೆ ಒಂದು ಹಿನ್ನೆಲೆಯುಂಟು. ಆ ವರ್ಷದ ಚುನಾವಣೆಯಲ್ಲಿ ನಮ್ಮ ಬೆಳಗಾವಿಯ ಒಂದೇ ಕ್ಷೇತ್ರಕ್ಕೆ 456 ಮಂದಿ ನಿಂತಿದ್ದರು. ಅಷ್ಟು ಹೆಸರುಗಳ ಮತಪತ್ರವನ್ನು ಮುದ್ರಿಸುವುದೂ ಮಡಿಸುವುದೂ ಎಷ್ಟು ಕಷ್ಟವೆಂಬುದನ್ನು ಊಹಿಸಿಕೊಳ್ಳಬಹುದು. ಪ್ರಚಾರದ ಮಿತಿ 2011ರಲ್ಲಿ 40 ಲಕ್ಷವಾಗಿದ್ದಿತು. 2014ರಲ್ಲಿ 70 ಲಕ್ಷವಾಯಿತು. 2022ರಲ್ಲಿ 95 ಲಕ್ಷವಾಯಿತು. ಸದಸ್ಯರ ವೇತನ 2013ರಲ್ಲಿ ತಿಂಗಳಿಗೆ 50,000. ಅಂಕೆ ಐವತ್ತು ಮಡಿಯಾದರೂ ಠೇವಣಿಯು ಅರ್ಧ ತಿಂಗಳ ವೇತನಕ್ಕೆ ಇಳಿದಿದ್ದಿತು. ನೋಡುವುದಕ್ಕೆ ಬೇಲಿ ಎತ್ತರವಾಯಿತು. ವೇತನದ ಅಳತೆಗೋಲಿನಿಂದ ನೋಡಿದರೆ ತಗ್ಗಾಯಿತು.

ಪ್ರಚಾರದ ಖರ್ಚಿನ ವಿಷಯದಲ್ಲಿ ಕಾನೂನಿನ ಕಣ್ಣು ಚುರುಕಾಗಿಯೇ ಇದೆ. ಉಮೇದುವಾರನು ಪ್ರತ್ಯೇಕ ಬ್ಯಾಂಕು ಖಾತೆಯನ್ನು ತೆರೆಯಬೇಕು. ದಿನದಿನದ ಲೆಕ್ಕ ಬರೆಯಬೇಕು. ಆಯೋಗದ ವೆಚ್ಚವೀಕ್ಷಕರಿಗೆ ಅದನ್ನು ತೋರಿಸಬೇಕು. ಫಲಿತಾಂಶ ಬಂದ 30 ದಿನಗಳೊಳಗಾಗಿ ಪೂರ್ಣ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಒಪ್ಪಿಸಬೇಕು. ತಕ್ಕ ಕಾರಣವಿಲ್ಲದೆ ತಪ್ಪಿದವರನ್ನು ಮೂರು ವರ್ಷ ಅನರ್ಹರನ್ನಾಗಿ ಮಾಡಬಹುದು. ಆದರೆ ಈ ಮಿತಿಯು ಉಮೇದುವಾರನಿಗೆ ಮಾತ್ರ. ಪಕ್ಷವು ತನ್ನ ಸಾಮಾನ್ಯ ಪ್ರಚಾರಕ್ಕೆ ಮಾಡುವ ಖರ್ಚಿಗೆ ಮಿತಿಯಿಲ್ಲ. ಮಹಾಚುನಾವಣೆಯಲ್ಲಿ ಪಕ್ಷದ ಬಲ 543 ಕ್ಷೇತ್ರಗಳಿಗೆ ಹರಡಿಹೋಗುತ್ತದೆ. ಉಪಚುನಾವಣೆಯಲ್ಲಿ ಅದೆಲ್ಲವೂ ಒಂದೇ ಕ್ಷೇತ್ರದ ಮೇಲೆ ಸುರಿಯುತ್ತದೆ. ಸಚಿವರ ವಾಹನಗಳು ಒಂದೇ ತಾಲ್ಲೂಕಿನ ರಸ್ತೆಗಳಲ್ಲಿ ಸಾಲುಗಟ್ಟುವ ದೃಶ್ಯವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ಮೂರನೆಯ ಬಾಬು. ಲೋಕಸಭೆಯ ಚುನಾವಣೆಯನ್ನು ನಡೆಸುವ ವೆಚ್ಚ ಕೇಂದ್ರ ಸರ್ಕಾರದ್ದು. ವಿಧಾನಸಭೆಯದು ರಾಜ್ಯ ಸರ್ಕಾರದ್ದು. ಎರಡೂ ಒಟ್ಟಿಗೆ ನಡೆದರೆ ಅರ್ಧರ್ಧ. ಆದಕಾರಣ ಕುಣಿಗಲಿನ ಮೂರು ಮತದಾನಗಳಲ್ಲಿ ಮೊದಲನೆಯದನ್ನು ಬೆಂಗಳೂರಿನ ಖಜಾನೆಯೂ, ಉಳಿದೆರಡನ್ನು ದೆಹಲಿಯ ಖಜಾನೆಯೂ ಹೊತ್ತವು. ಖಜಾನೆ ಯಾವುದಾದರೂ ಅದನ್ನು ತುಂಬುವವರು ನಾವೇ.

ಈ ವೆಚ್ಚ ಯಾತಕ್ಕಾಗಿ? ಮತದಾರರ ಪಟ್ಟಿಯನ್ನು ಮುದ್ರಿಸಬೇಕು. ಉಪಾಧ್ಯಾಯರು, ಗುಮಾಸ್ತರು ಮೊದಲಾದ ಸಿಬ್ಬಂದಿಯನ್ನು ಕರೆದು ತರಬೇತಿ ಕೊಡಬೇಕು. ಅವರಿಗೆ ಭತ್ಯ, ಊಟ, ಪ್ರಯಾಣಕ್ಕೆ ಬಸ್ಸು ಒದಗಿಸಬೇಕು. ಶಾಲೆಯ ಕೊಠಡಿಗೆ ದೀಪ, ಇಳಿಜಾರು, ಕುಡಿಯುವ ನೀರು ಏರ್ಪಡಿಸಬೇಕು. ಯಂತ್ರಗಳನ್ನು ಪರೀಕ್ಷಿಸಿ, ಕಾವಲಿನಲ್ಲಿಟ್ಟು, ಎಣಿಕೆಯ ಮನೆಗೆ ಸಾಗಿಸಬೇಕು. ಒಂದೇ ಒಂದು ಸ್ಥಾನಕ್ಕೆ ಚುನಾವಣೆಯಾದರೂ ಆ ಕ್ಷೇತ್ರದ ಒಂದು ಮತಗಟ್ಟೆಯನ್ನೂ ಬಿಡುವಂತಿಲ್ಲ.

1951–52ರ ಮೊದಲ ಮಹಾಚುನಾವಣೆಗೆ ಸರ್ಕಾರಕ್ಕೆ ತಗುಲಿದ ವೆಚ್ಚ ಸುಮಾರು 10 ಕೋಟಿ 45 ಲಕ್ಷ ರೂಪಾಯಿ. ಮತದಾರರು ಸುಮಾರು 17 ಕೋಟಿ 32 ಲಕ್ಷ. ತಲೆಗೆ ಹತ್ತಾಣೆಗೆ ಸ್ವಲ್ಪ ಕಡಮೆ. 2014ರಲ್ಲಿ ವೆಚ್ಚ ಸುಮಾರು 3,870 ಕೋಟಿ. ಮತದಾರರು 83 ಕೋಟಿಗೆ ಮೀರಿ. ತಲೆಗೆ ಸುಮಾರು 46 ರೂಪಾಯಿ. ಈ ಮೊತ್ತವನ್ನು 543 ಕ್ಷೇತ್ರಗಳಿಗೆ ಸಮನಾಗಿ ಹಂಚಿದರೆ ಕ್ಷೇತ್ರವೊಂದಕ್ಕೆ ಏಳು ಕೋಟಿ ದಾಟುತ್ತದೆ. ಇದು ಮಹಾಚುನಾವಣೆಯ ಸರಾಸರಿಯೇ ಹೊರತು ಯಾವುದೊಂದು ಉಪಚುನಾವಣೆಯ ಬಿಲ್ಲಲ್ಲ; ಆದರೂ ಅಂದಾಜಿಗೆ ಸಾಕು. ಒಂದು ಕಡೆ 25,000 ರೂಪಾಯಿ ಠೇವಣಿ, ಮತ್ತೊಂದು ಕಡೆ ಕೋಟಿಗಳ ವೆಚ್ಚ. ಎಲ್ಲ ಉಮೇದುವಾರರ ಠೇವಣಿ ಮುಟ್ಟುಗೋಲಾದರೂ ಈ ಹಳ್ಳ ತುಂಬುವುದಿಲ್ಲ. ತುಂಬಬೇಕೆಂದು ಅದನ್ನು ಇಟ್ಟದ್ದೂ ಅಲ್ಲ.

ಹಾಗಾದರೆ ಠೇವಣಿಯನ್ನೇ ಕೋಟಿಗೆ ಏರಿಸಬಾರದೇ ಎಂದು ಕೆಲವರು ಕೇಳಬಹುದು. ಹಾಗೆ ಮಾಡಿದರೆ ನಾವು ಕಿತ್ತುಹಾಕಿದ ಕಂದಾಯದ ಬೇಲಿಯನ್ನು ಉಮೇದುವಾರನ ಬಾಗಿಲಲ್ಲಿ ಮತ್ತೆ ನೆಟ್ಟಂತಾಗುತ್ತದೆ. ಗುಬ್ಬಿಯ ತೆಂಗಿನ ತೋಟದ ಸಣ್ಣ ರೈತನೂ ತುಮಕೂರಿನ ಉಪಾಧ್ಯಾಯನೂ ಚುನಾವಣೆಗೆ ನಿಲ್ಲಲಾರದ ದೇಶದಲ್ಲಿ ಸಾರ್ವತ್ರಿಕ ಮತದಾನಕ್ಕೆ ಅರ್ಥವೇನು?

ಉಪಚುನಾವಣೆಗಳಲ್ಲಿಯೂ ಎರಡು ಜಾತಿಯುಂಟು. ತುಮಕೂರು ಜಿಲ್ಲೆಯ ಶಿರಾದಲ್ಲಿ 2020ರ ನವೆಂಬರ್ 3ರಂದು ವಿಧಾನಸಭೆಗೆ ನಡೆದ ಉಪಚುನಾವಣೆ ಶಾಸಕರಾಗಿದ್ದ ಶ್ರೀ ಬಿ. ಸತ್ಯನಾರಾಯಣರ ನಿಧನದಿಂದ ಬಂದದ್ದು. ಮೃತ್ಯುವಿಗೆ ಯಾರೂ ಬಿಲ್ಲು ಕಳುಹಿಸಲಾರರು. ಜನರನ್ನು ಪ್ರತಿನಿಧಿಯಿಲ್ಲದೆ ಇಡಬಾರದೆಂದೇ ಕಾನೂನು ಆರು ತಿಂಗಳೊಳಗೆ ತೆರವನ್ನು ತುಂಬಬೇಕೆಂದು ಹೇಳುತ್ತದೆ. ಉಳಿದ ಅವಧಿ ಒಂದು ವರ್ಷಕ್ಕೂ ಕಡಮೆಯಾದರೆ ಮಾತ್ರ ಆ ಕಟ್ಟುಪಾಡು ಇಲ್ಲ. 1962ರ ತುಮಕೂರಿನದೂ 2013ರ ಕುಣಿಗಲಿನದೂ ಈ ಜಾತಿಯವಲ್ಲ. ಅವೆರಡೂ ಗೆದ್ದವರು ಬೇರೆ ಸ್ಥಾನಕ್ಕೆ ಹೋದುದರಿಂದ ಬಂದವು. ಹಾಗೆ ಹೋಗುವುದು ಅಪರಾಧವಲ್ಲ. ಎರಡು ಸಭೆಗಳಲ್ಲಿ ಒಬ್ಬನೇ ಕೂರಬಾರದೆಂದು ಸಂವಿಧಾನವೇ ಹೇಳುತ್ತದೆ, ಒಂದನ್ನು ಬಿಡಲೇಬೇಕು. ಆದರೆ ಬಿಟ್ಟದ್ದರ ವೆಚ್ಚ ಬಿಟ್ಟವರ ಮೇಲೆ ಬೀಳುವುದಿಲ್ಲ.

ಚುನಾವಣಾ ಆಯೋಗವು 2004ರಲ್ಲಿ ಇದಕ್ಕೆ ಹತ್ತಿರದ ಒಂದು ಸಲಹೆಯನ್ನು ಮಾಡಿದ್ದಿತು. ಒಬ್ಬನು ಎರಡು ಕ್ಷೇತ್ರಗಳಲ್ಲಿ ನಿಲ್ಲುವುದನ್ನು ತಪ್ಪಿಸಬೇಕು. ತಪ್ಪಿಸಲಾಗದಿದ್ದರೆ, ಎರಡರಲ್ಲೂ ಗೆದ್ದು ಒಂದನ್ನು ಬಿಟ್ಟವನು ಉಪಚುನಾವಣೆಯ ವೆಚ್ಚಕ್ಕಾಗಿ ವಿಧಾನಸಭೆಗೆ 5 ಲಕ್ಷ, ಲೋಕಸಭೆಗೆ 10 ಲಕ್ಷ ರೂಪಾಯಿ ಕೊಡಬೇಕು ಎಂಬುದು ಅದರ ಸಾರ. ಆ ಸಲಹೆ ಕಾನೂನಾಗಲಿಲ್ಲ. ಒಂದು ಸಭೆಯ ಅವಧಿಯ ನಡುವೆಯೇ ಇನ್ನೊಂದಕ್ಕೆ ಹೋಗುವವರಿಗೂ ಅದೇ ನ್ಯಾಯವನ್ನು ಅನ್ವಯಿಸಬಹುದೆಂದು ನಮಗೆ ತೋರುತ್ತದೆ. ಹತ್ತು ಲಕ್ಷದಿಂದ ವೆಚ್ಚ ತೀರದು, ನಿಜ. ಆದರೆ ಅದು ಎಲ್ಲ ಉಮೇದುವಾರರ ಮೇಲೆ ಬೀಳುವ ಭಾರವಲ್ಲ. ಗೆದ್ದು, ತಾನಾಗಿ ಬಿಟ್ಟುಹೋದವನ ಮೇಲೆ ಮಾತ್ರ ಬೀಳುವಂಥದು. ಬಡವನನ್ನು ಬಾಗಿಲಲ್ಲಿ ತಡೆಯುವುದಕ್ಕೂ, ಒಳಗೆ ಬಂದವನನ್ನು ಹೊರಡುವಾಗ ಲೆಕ್ಕ ಕೇಳುವುದಕ್ಕೂ ಬಹಳ ವ್ಯತ್ಯಾಸವುಂಟು.

ಇಂಗ್ಲೆಂಡು 1918ರಲ್ಲಿ ಮಾಡಿದ ಬದಲಾವಣೆ ಸರಿಯಾದದ್ದೇ. ಚುನಾವಣೆ ಉಮೇದುವಾರನ ಖಾಸಗಿ ವ್ಯವಹಾರವಲ್ಲ. ಅದು ಪ್ರಜೆಗಳ ಕೆಲಸ. ಅದರ ವೆಚ್ಚವನ್ನು ಪ್ರಜೆಗಳ ಖಜಾನೆ ಹೊರುವುದು ಗೌರವದ ವಿಷಯ. ಆದರೆ ಹಣ ಕೊಟ್ಟವನಿಗೆ ಲೆಕ್ಕ ಕೇಳುವ ಹಕ್ಕುಂಟು. ಮತ ಕೇಳುವುದಕ್ಕೆ ಬಂದವರನ್ನು, "ಅಯ್ಯಾ, ಐದು ವರ್ಷವೂ ಇರುತ್ತೀರಾ?" ಎಂದು ಮತದಾರನು ವಿನಯದಿಂದಲೇ ಕೇಳಬಹುದು. ಆ ಪ್ರಶ್ನೆಗೆ ಠೇವಣಿ ಬೇಕಾಗಿಲ್ಲ. ತುಮಕೂರು, ಗುಬ್ಬಿ, ಕುಣಿಗಲುಗಳ ಮತದಾರರು ಅದನ್ನು ಕೇಳುವ ಅಭ್ಯಾಸ ಮಾಡಿಕೊಂಡರೆ, ಖಜಾನೆಗೆ ಆಗುವ ಉಳಿತಾಯಕ್ಕಿಂತ ಹೆಚ್ಚಿನದೊಂದು ಲಾಭ ನಮ್ಮ ಪ್ರಜಾಪ್ರಭುತ್ವಕ್ಕೆ ದೊರೆಯುವುದೆಂದು ನಾವು ನಂಬುತ್ತೇವೆ.