ಕಾಡಿಗೊಬ್ಬ ದೊರೆ, ಊರಿಗೊಬ್ಬ ಅಧಿಕಾರಿ: ಪ್ರಖತಿತ್ಸೆ ಜಿಲ್ಲೆಯ ಭೂಗೋಳ ಮತ್ತು ಆಡಳಿತ

ಪ್ರಾಗ್ ನಗರವನ್ನು ಬಿಟ್ಟರೆ ಜೆಕ್ ಗಣರಾಜ್ಯದಲ್ಲಿ 76 ಜಿಲ್ಲೆಗಳಿವೆ. ಇವುಗಳಲ್ಲಿ ಜನಸಾಂದ್ರತೆ ಅತ್ಯಂತ ಕಡಿಮೆ ಇರುವುದು ದಕ್ಷಿಣ ಬೊಹೆಮಿಯಾದ ಪ್ರಖತಿತ್ಸೆಯಲ್ಲಿ. ಸುಮಾರು 1,377 ಚದರ ಕಿಲೋಮೀಟರಿನ ಈ ಜಿಲ್ಲೆ ನಮ್ಮ ಒಂದು ದೊಡ್ಡ ತಾಲ್ಲೂಕಿನಷ್ಟಿದೆ. ಅಷ್ಟು ನೆಲದಲ್ಲಿ ವಾಸಿಸುವವರು ಹೆಚ್ಚು ಕಡಿಮೆ 51 ಸಾವಿರ ಮಂದಿ, ಅಂದರೆ ಚದರ ಕಿಲೋಮೀಟರಿಗೆ 37 ಜನ. ದೇಶದ ಸರಾಸರಿ 130ನ್ನು ದಾಟುತ್ತದೆ. ಜಿಲ್ಲೆಯ ಅರ್ಧಕ್ಕೂ ಹೆಚ್ಚು ಭಾಗ ಕಾಡು.

ಕಾಡು ಹೆಚ್ಚು, ಚಳಿ ಹೆಚ್ಚು, ಹಾಗಾಗಿ ಜನ ಕಡಿಮೆ ಎಂದು ಭೂಗೋಳದ ಪಠ್ಯಗಳು ಎರಡು ಸಾಲಿನಲ್ಲಿ ವಿಷಯ ಮುಗಿಸಿಬಿಡುತ್ತವೆ. ಇದು ಅರ್ಧ ಸತ್ಯ. ಇದೇ ಚಳಿ, ಇದೇ ಕಾಡು ಇದ್ದ ಕಾಲದಲ್ಲಿ ಗಡಿಯಂಚಿನವರೆಗೂ ಹಳ್ಳಿಗಳಿದ್ದವು, ಇಗರ್ಜಿಗಳಿದ್ದವು, ಶಾಲೆಗಳಿದ್ದವು. ಅವು ಖಾಲಿಯಾದದ್ದು ಆಡಳಿತದ ತೀರ್ಮಾನಗಳಿಂದ. ಆ ತೀರ್ಮಾನಗಳನ್ನು ಕೈಗೊಂಡವರು ಬಹುಪಾಲು ಪ್ರಖತಿತ್ಸೆಯ ಜಿಲ್ಲಾ ಕಚೇರಿಯವರೂ ಅಲ್ಲ. ಈ ಜಿಲ್ಲೆಯ ಕಾಡಿಗೆ ಪ್ರತಿಯೊಂದು ಕಾಲದಲ್ಲೂ ಬೇರೊಬ್ಬ ದೊರೆ ಇದ್ದ: ಒಮ್ಮೆ ಜಮೀನ್ದಾರಿ ಮನೆತನ, ಒಮ್ಮೆ ಗಡಿ ಸೇನೆ, ಈಗ ರಾಷ್ಟ್ರೀಯ ಉದ್ಯಾನ. ಜಿಲ್ಲಾಡಳಿತದ ಕೈಗೆ ಉಳಿದದ್ದು ಊರುಗಳು. ಈ ಇಬ್ಬಗೆಯ ಆಳ್ವಿಕೆಯನ್ನು ಬಿಡಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ನೆಲದ ಸ್ವರೂಪದಿಂದ ಆರಂಭಿಸಬೇಕು. ಈಶಾನ್ಯದ ನೆಟೊಲಿತ್ಸೆಯ ಸುತ್ತ ತಗ್ಗು ಪ್ರದೇಶ, ಹೊಲಗಳು, ಮೀನುಕೆರೆಗಳು. ಅಲ್ಲಿಂದ ನೈಋತ್ಯಕ್ಕೆ ನೆಲ ಮೆಟ್ಟಿಲು ಮೆಟ್ಟಿಲಾಗಿ ಏರುತ್ತ ಮೊದಲು ತಪ್ಪಲಿನ ಗುಡ್ಡಗಳಾಗಿ, ಕೊನೆಗೆ ಶುಮವ ಪರ್ವತಶ್ರೇಣಿಯಾಗಿ ಬವೇರಿಯಾದ ಗಡಿಯನ್ನು ಮುಟ್ಟುತ್ತದೆ. ಅತಿ ಎತ್ತರದ ಶಿಖರ ಪ್ಲೆಖೀ, 1,378 ಮೀಟರ್. ಅದರ ಬಳಿಯಲ್ಲೇ ಜೆಕ್, ಜರ್ಮನಿ, ಆಸ್ಟ್ರಿಯಾ ಮೂರೂ ದೇಶಗಳ ಗಡಿ ಕೂಡುತ್ತದೆ. ಜೆಕ್ ಜನ ತಮ್ಮ ರಾಷ್ಟ್ರೀಯ ನದಿಯೆಂದು ಭಾವಿಸುವ ವ್ಲ್ತವದ ಮೂಲ ಇಲ್ಲಿನ ಕ್ವಿಲ್ಡ ಗ್ರಾಮದ ಮೇಲಿನ ಕಾಡಿನಲ್ಲಿದೆ. ಸಮುದ್ರಮಟ್ಟದಿಂದ 1,065 ಮೀಟರ್ ಎತ್ತರದ ಈ ಕ್ವಿಲ್ಡ ದೇಶದಲ್ಲೇ ಅತ್ಯಂತ ಎತ್ತರದ ಗ್ರಾಮ. ಅತಿ ಎತ್ತರದ ರೈಲು ನಿಲ್ದಾಣ ಕುಬೊವ ಹುಟ್ಯ್ ಕೂಡ ಇದೇ ಜಿಲ್ಲೆಯಲ್ಲಿದೆ, 995 ಮೀಟರಿನಲ್ಲಿ. ಬೆಟ್ಟಗಳ ನಡುವಿನ ಅಗಲ ಕಣಿವೆಗಳಲ್ಲಿ ನೀರು ಸರಾಗವಾಗಿ ಹರಿಯದೆ ಜೌಗು ನಿಂತು, ಸಾವಿರಾರು ವರ್ಷಗಳಲ್ಲಿ ಪೀಟ್ ಕಟ್ಟಿದೆ. ಬೇಸಾಯಕ್ಕೆ ಇದು ಕಷ್ಟದ ನೆಲವೇ ಸರಿ.

ಆದರೂ ಮನುಷ್ಯ ಇಲ್ಲಿಗೆ ಬಂದ, ಉಪ್ಪಿಗಾಗಿ ಬಂದ. ಬೊಹೆಮಿಯಾದಲ್ಲಿ ಉಪ್ಪು ಸಿಗುವುದಿಲ್ಲ. ಆಲ್ಪ್ಸ್ ಕಡೆಯ ಉಪ್ಪು ದೋಣಿಗಳಲ್ಲಿ ಡ್ಯಾನ್ಯೂಬ್ ದಂಡೆಯ ಪಸ್ಸಾವ್ ಪಟ್ಟಣಕ್ಕೆ ಬಂದು, ಅಲ್ಲಿಂದ ಹೇರುಕುದುರೆಗಳ ಬೆನ್ನೇರಿ ಶುಮವ ದಾಟುತ್ತಿತ್ತು. ಮರಳುವಾಗ ಧಾನ್ಯ ಹೋಗುತ್ತಿತ್ತು. ‘ಚಿನ್ನದ ಹಾದಿ’ ಎಂದು ಹೆಸರಾದ ಈ ದಾರಿಯ ಬಗ್ಗೆ 1010ರ ಒಂದು ದಾನಪತ್ರದಲ್ಲೇ ಸುಳಿವಿದೆ: ರಾಜ ಎರಡನೆಯ ಹೆನ್ರಿ ಬೊಹೆಮಿಯಾ ದಾರಿಯ ಸುಂಕವನ್ನು ಪಸ್ಸಾವಿನ ಸನ್ಯಾಸಿನಿಯರ ಮಠಕ್ಕೆ ಬಿಟ್ಟುಕೊಟ್ಟ. ಹಾದಿಗೆ ಮೂರು ಕವಲುಗಳಿದ್ದವು. ಎಲ್ಲಕ್ಕಿಂತ ಹಳೆಯದು ಪ್ರಖತಿತ್ಸೆಗೆ, ಇನ್ನೊಂದು ವಿಂಪೆರ್ಕಿಗೆ, ಮತ್ತೊಂದು ಪಕ್ಕದ ಕಶ್ಪೆರ್ಸ್ಕೆ ಹೊರಿಗೆ. ಇಂದು ಜಿಲ್ಲೆಯಲ್ಲಿರುವ ಎರಡು ಮುಖ್ಯ ಪಟ್ಟಣಗಳು ಮೊದಲೆರಡು ಕವಲುಗಳ ತುದಿಯಲ್ಲಿ ಹುಟ್ಟಿದವು. ನಡುವಿನ ವೊಲರಿ ಹೇರುಕುದುರೆಯವರ ತಂಗುದಾಣವಾಗಿ ಬೆಳೆಯಿತು. ಪ್ರಖತಿತ್ಸೆಯ ಹಳೆಪೇಟೆಯ ಚಿತ್ತಾರದ ಗೋಡೆಗಳ ಮನೆಗಳು ಹದಿನಾರನೆಯ ಶತಮಾನದ ಉಪ್ಪಿನ ಹಣದಲ್ಲಿ ಎದ್ದವು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಹಾಬ್ಸ್‌ಬರ್ಗ್ ಸರ್ಕಾರ ತನ್ನದೇ ಆಸ್ಟ್ರಿಯಾದ ಉಪ್ಪಿನ ಮಾರಾಟ ಹೆಚ್ಚಿಸಲು ಪಸ್ಸಾವಿನ ಉಪ್ಪಿಗೆ ಬಾಗಿಲು ಹಾಕಿತು. ಹಾದಿ ಸತ್ತಿತು.  

ಉಪ್ಪಿನ ನಂತರ ಕಾಡೇ ಸಂಪತ್ತಾಯಿತು. 1719ರಲ್ಲಿ ಎಗ್ಗೆನ್‌ಬರ್ಗ್ ಮನೆತನದ ಆಸ್ತಿ ಶ್ವಾರ್ಟ್ಸೆನ್‌ಬರ್ಗ್ ರಾಜಕುಮಾರರಿಗೆ ಬಂತು, ಅದರೊಂದಿಗೆ ಪ್ರಖತಿತ್ಸೆಯೂ ಬಂತು. 1801ರಲ್ಲಿ ವಿಂಪೆರ್ಕಿನ ಎಸ್ಟೇಟನ್ನೂ ಅವರು ಕೊಂಡರು. ಆ ಕಾಲದ ಎಸ್ಟೇಟ್ ಎಂದರೆ ಬರೀ ಭೂಮಿಯ ಒಡೆತನ ಎಂದು ತಿಳಿಯಬಾರದು. 1848ರ ತನಕ ಕೆಳಹಂತದ ನ್ಯಾಯ, ತೆರಿಗೆ ವಸೂಲಿ, ಸೈನ್ಯಕ್ಕೆ ಆಳು ಆರಿಸಿ ಕಳಿಸುವುದು ಎಲ್ಲವೂ ಎಸ್ಟೇಟಿನ ಕಚೇರಿಯ ಕೆಲಸ. ರೈತನ ಪಾಲಿಗೆ ಸರ್ಕಾರ ಅಂದರೆ ರಾಜಕುಮಾರನ ಗುಮಾಸ್ತ.

ಈ ಮನೆತನ ಮಾಡಿದ ಕೆಲಸಗಳಲ್ಲಿ ಒಂದನ್ನು ಹತ್ತಿರದಿಂದ ನೋಡಬೇಕು. ವಿಯೆನ್ನಾ ನಗರಕ್ಕೆ ಸೌದೆ ಬೇಕಿತ್ತು. ಶುಮವದಲ್ಲಿ ಸೌದೆ ಕೊಳೆಯುತ್ತಿತ್ತು. ಆದರೆ ಇಲ್ಲಿನ ನೀರೆಲ್ಲ ವ್ಲ್ತವದ ಮೂಲಕ ಉತ್ತರಕ್ಕೆ ಹರಿದು ಉತ್ತರ ಸಮುದ್ರ ಸೇರುತ್ತದೆ, ವಿಯೆನ್ನಾ ಇರುವುದೋ ಡ್ಯಾನ್ಯೂಬಿನ ದಂಡೆಯಲ್ಲಿ. ಎಸ್ಟೇಟಿನ ನೌಕರ ಯೋಸೆಫ್ ರೋಸೆನೌವರ್ ಇದಕ್ಕೊಂದು ದಾರಿ ಕಂಡ. ಬೆಟ್ಟದ ಪಕ್ಕೆಯಲ್ಲಿ ಸಮಮಟ್ಟದ ರೇಖೆಯನ್ನೇ ಹಿಡಿದು ಕಾಲುವೆ ತೋಡಿ, ಯೂರೋಪಿನ ಮುಖ್ಯ ಜಲವಿಭಜಕವನ್ನೇ ದಾಟಿಸಿ, ಮರದ ತುಂಡುಗಳನ್ನು ಡ್ಯಾನ್ಯೂಬಿನ ಉಪನದಿಗೆ ಇಳಿಸಿದ. 1789ರಲ್ಲಿ ಅಗೆತ ಶುರುವಾಯಿತು; 1820ರ ದಶಕದಲ್ಲಿ ಕಾಲುವೆಯನ್ನು ಇನ್ನೂ ಪಶ್ಚಿಮಕ್ಕೆ ಒಯ್ದು, ಯೆಲೆನೀ ಎಂಬಲ್ಲಿ ಬೆಟ್ಟದ ಅಡಿಯಲ್ಲಿ 400 ಮೀಟರಿಗೂ ಉದ್ದದ ಸುರಂಗ ಕೊರೆದರು. ಒಟ್ಟು ಉದ್ದ ಸುಮಾರು 50 ಕಿಲೋಮೀಟರ್. ಇಳಿಜಾರು ಎಷ್ಟು ಸೌಮ್ಯವೆಂದರೆ ದಂಡೆಯಲ್ಲಿ ನಿಂತವನಿಗೆ ನೀರು ಯಾವ ಕಡೆ ಹರಿಯುತ್ತಿದೆ ಎಂದು ಒಮ್ಮೆಗೇ ಹೇಳಲಾಗದು. ಹಿಮ ಕರಗುವ ವಸಂತದ ಕೆಲವೇ ವಾರಗಳಲ್ಲಿ ತೇಲಿಸುವ ಕೆಲಸ ಮುಗಿಯಬೇಕು. ಅದಕ್ಕೆ ಬೇಕಾದ ಮರ ಕಡಿಯುವವರು ಕಾಡಿನೊಳಗೇ ನೆಲೆಸಿದರು, ಹೊಸ ಹಳ್ಳಿಗಳು ಹುಟ್ಟಿದವು. ಗಾಜಿನ ಕುಲುಮೆಗಳೂ ಬಂದವು. 1834ರಲ್ಲಿ ಆರಂಭವಾದ ಲೆನೊರ ಗಾಜಿನ ಕಾರ್ಖಾನೆಗೆ ರಾಜಕುಮಾರಿ ಎಲೆಯನೋರಳ ಹೆಸರು ಬಂತು. ಕಾಡು ಜನರನ್ನು ದೂರ ಇಡುತ್ತದೆ ಎಂಬ ಮಾತು ಹತ್ತೊಂಬತ್ತನೆಯ ಶತಮಾನದ ಶುಮವಕ್ಕೆ ಅನ್ವಯಿಸದು. ಕಾಡೇ ಜನರನ್ನು ಕರೆತಂದಿತು.

1856ರಲ್ಲಿ ಇದೇ ಯೆಲೆನೀ ಸುತ್ತಿನ ಕಾಡಿನಲ್ಲಿ ಶುಮವದ ಕೊನೆಯ ಕರಡಿಯನ್ನು ಗುಂಡಿಕ್ಕಿ ಕೊಂದರು. ಎರಡೇ ವರ್ಷ ಕಳೆದು, 1858ರಲ್ಲಿ, ಅರಣ್ಯಾಧಿಕಾರಿ ಯೋಸೆಫ್ ಯೋನ್ ಸಲಹೆಯ ಮೇರೆಗೆ ರಾಜಕುಮಾರ ಬೊವ್‌ಬೀನ್ ಬೆಟ್ಟದ ಆದಿಮ ಅರಣ್ಯಕ್ಕೆ ಕೊಡಲಿ ತಾಗಕೂಡದೆಂದು ಆಜ್ಞೆ ಮಾಡಿದ. ಮಧ್ಯ ಯೂರೋಪಿನ ಅತ್ಯಂತ ಹಳೆಯ ಅರಣ್ಯ ಸಂರಕ್ಷಣಾ ಪ್ರದೇಶಗಳ ಸಾಲಿನಲ್ಲಿ ಅದು ನಿಲ್ಲುತ್ತದೆ. ‘ಸ್ಪ್ರೂಸ್‌ಗಳ ರಾಜ’ ಎಂದು ಕರೆಸಿಕೊಂಡ 57 ಮೀಟರಿಗೂ ಎತ್ತರದ ಮರ 1970ರಲ್ಲಿ ತಾನಾಗಿ ಉರುಳಿತು. ಅದನ್ನು ಬಿದ್ದಲ್ಲೇ ಕೊಳೆಯಲು ಬಿಟ್ಟಿದ್ದಾರೆ. ಗಮನಿಸಬೇಕಾದದ್ದು ಬೊವ್‌ಬೀನ್ ಸಂರಕ್ಷಣೆಯ ಆಜ್ಞೆ ಹೊರಟದ್ದು ಎಲ್ಲಿಂದ ಎಂಬುದು. ಅಷ್ಟರಲ್ಲಿ ಸರ್ಕಾರಿ ಜಿಲ್ಲೆ ಹುಟ್ಟಿತ್ತು, ಆದರೆ ಕಾಡಿನ ವಿಷಯದಲ್ಲಿ ಮಾತು ನಡೆಯುತ್ತಿದ್ದುದು ಒಡೆಯನದೇ.

ಸರ್ಕಾರಿ ಜಿಲ್ಲೆಯ ಹುಟ್ಟು 1850ರಲ್ಲಿ. ಜೀತಪದ್ಧತಿ ರದ್ದಾದ ಮೇಲೆ ಎಸ್ಟೇಟುಗಳ ಕೈಯಿಂದ ಆಡಳಿತವನ್ನು ಕಿತ್ತುಕೊಂಡ ಆಸ್ಟ್ರಿಯಾ ಸರ್ಕಾರ, ಪ್ರಖತಿತ್ಸೆಯಲ್ಲಿ ಹೆಯ್ಟ್‌ಮನ್ ಎಂಬ ಜಿಲ್ಲಾಧಿಕಾರಿಯನ್ನು ಕೂರಿಸಿತು. ನಡುವೆ ಕೆಲವು ವರ್ಷ ನ್ಯಾಯ ಮತ್ತು ಆಡಳಿತವನ್ನು ಒಂದೇ ಕಚೇರಿಗೆ ಕಟ್ಟಿ, 1868ರಲ್ಲಿ ಮತ್ತೆ ಬೇರ್ಪಡಿಸಿದರು. ನೆಟೊಲಿತ್ಸೆ, ಪ್ರಖತಿತ್ಸೆ, ವಿಂಪೆರ್ಕ್ ನ್ಯಾಯಾಲಯಗಳ ವ್ಯಾಪ್ತಿಯನ್ನು ಸೇರಿಸಿದ ಆ ಜಿಲ್ಲೆ ಇಂದಿನದ್ದನ್ನು ಬಹಳ ಮಟ್ಟಿಗೆ ಹೋಲುತ್ತದೆ. ತಗ್ಗಿನ ಕಡೆ ಜೆಕ್ ಮಾತಾಡುವವರು, ಬೆಟ್ಟದ ಕಡೆ ಜರ್ಮನ್ ಮಾತಾಡುವವರು ಎಂಬ ಒಳಗಿನ ಬಿರುಕನ್ನು ಯಾವ ಆಡಳಿತ ರೇಖೆಯೂ ಅಧಿಕೃತವಾಗಿ ಗುರುತಿಸಿರಲಿಲ್ಲ. ಗುರುತಿಸಿದ್ದು 1938ರ ಮ್ಯೂನಿಕ್ ಒಪ್ಪಂದ. ಬೆಟ್ಟದ ಭಾಗ ಪ್ರಖತಿತ್ಸೆ, ವಿಂಪೆರ್ಕ್, ವೊಲರಿ ಪಟ್ಟಣಗಳ ಸಮೇತ ಹಿಟ್ಲರನ ಜರ್ಮನಿಗೆ ಹೋಗಿ ಬವೇರಿಯಾದ ಒಂದು ಜಿಲ್ಲೆಯಾಯಿತು. ನೆಟೊಲಿತ್ಸೆ ಈಚೆ ಉಳಿಯಿತು. 1945ರ ಮೇ ತಿಂಗಳಲ್ಲಿ ಅಮೆರಿಕದ ಸೈನ್ಯ ವೊಲರಿಗೆ ಬಂದಾಗ, ಹೆಲ್ಮ್‌ಬ್ರೆಖ್ಟ್ಸ್ ಶಿಬಿರದಿಂದ ನೂರಾರು ಕಿಲೋಮೀಟರ್ ಕಾಲ್ನಡಿಗೆಯಲ್ಲಿ ಅಟ್ಟಿಸಿಕೊಂಡು ಬಂದಿದ್ದ ಯಹೂದಿ ಮಹಿಳೆಯರನ್ನು ಕಂಡಿತು. ವೊಲರಿಯ ಸ್ಮಶಾನದಲ್ಲಿ ಅವರ 95 ಸಮಾಧಿಗಳಿವೆ.

ಮುಂದಿನ ಹತ್ತೇ ವರ್ಷಗಳಲ್ಲಿ ಜಿಲ್ಲೆಯ ಜನಸಂಖ್ಯೆಯ ನಕ್ಷೆಯೇ ಬದಲಾಯಿತು. ಒಂದಾದ ಮೇಲೊಂದರಂತೆ ಮೂರು ಹೊಡೆತಗಳು ಬಿದ್ದವು. 1946ರಲ್ಲಿ ಜರ್ಮನ್ ಭಾಷಿಕರನ್ನು ಹೊರಹಾಕಲಾಯಿತು. ಅವರ ಮನೆಗಳಿಗೆ ಒಳನಾಡಿನಿಂದ ಹಾಗೂ ಸ್ಲೊವಾಕಿಯಾ, ರೊಮೇನಿಯಾಗಳಿಂದ ಜನರನ್ನು ತಂದರೂ ಎತ್ತರದ ಹಳ್ಳಿಗಳು ತುಂಬಲಿಲ್ಲ. 1947ರಲ್ಲಿ ಸಂಸತ್ತು ಒಂದೇ ಮನೆತನಕ್ಕಾಗಿ ಪ್ರತ್ಯೇಕ ಕಾಯ್ದೆ ಮಾಡಿ ಶ್ವಾರ್ಟ್ಸೆನ್‌ಬರ್ಗ್ ಆಸ್ತಿಯನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡಿತು. ನಾತ್ಸಿಗಳನ್ನು ವಿರೋಧಿಸಿ, ಅವರಿಂದಲೇ 1940ರಲ್ಲಿ ಆಸ್ತಿ ಕಳೆದುಕೊಂಡಿದ್ದ ಮನೆತನಕ್ಕೆ ಯುದ್ಧ ಗೆದ್ದ ಮೇಲೆ ಸಿಕ್ಕ ಪ್ರತಿಫಲ ಇದು. 1951ರಿಂದ ಕಮ್ಯುನಿಸ್ಟ್ ಸರ್ಕಾರ ಗಡಿಗುಂಟ ನಿಷಿದ್ಧ ವಲಯ, ಅದರ ಹಿಂದೆ ಅನುಮತಿ ಇದ್ದವರಿಗಷ್ಟೇ ಪ್ರವೇಶವಿರುವ ಗಡಿ ವಲಯ ಎಂದು ಎರಡು ಪಟ್ಟಿ ಎಳೆಯಿತು. ಮುಳ್ಳುತಂತಿ ಬಂತು, ಅದರಲ್ಲಿ ವಿದ್ಯುತ್ತೂ ಹರಿಯಿತು. ನಿಷಿದ್ಧ ವಲಯದ ಹಳ್ಳಿಗಳನ್ನು ಕೆಡವಿದರು. ಕ್ನೀಝೆತ್ಸೀ ಪ್ಲಾನ್ಯೆಯ ಇಗರ್ಜಿ 1956ರಲ್ಲಿ ನೆಲಸಮವಾಯಿತು. ಇಂದು ಅಲ್ಲಿ ಸ್ಮಶಾನದ ಕಲ್ಲುಗಳು ಉಳಿದಿವೆ. ಪಕ್ಕದ ಬುಚಿನ ಹಳ್ಳಿ ಇದ್ದ ಜಾಗದಲ್ಲಿ ಮುಳ್ಳುತಂತಿಯ ಬೇಲಿಯ ತುಣುಕೊಂದನ್ನು ನೋಡುಗರಿಗಾಗಿ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಊರು ಮರಳಿ ಬರಲಿಲ್ಲ, ಬೇಲಿಯ ಪ್ರತಿಕೃತಿ ಮಾತ್ರ ಬಂತು.

ಗಡಿ ಸೇನೆ ಜಿಲ್ಲಾ ಸಮಿತಿಗೆ ಉತ್ತರ ಕೊಡಬೇಕಾಗಿರಲಿಲ್ಲ. ಅದು ಕೇಂದ್ರದ ಆಜ್ಞೆಯಂತೆ ನಡೆಯಿತು. ಅತ್ತ ಜಿಲ್ಲೆಯ ಗೆರೆಗಳೂ ಅಲುಗಾಡಿದವು: 1949ರ ಸುಧಾರಣೆಯಲ್ಲಿ ವಿಂಪೆರ್ಕ್ ಬೇರೆ ಜಿಲ್ಲೆಯಾಯಿತು, 1960ರ ಸುಧಾರಣೆಯಲ್ಲಿ ಮತ್ತೆ ಪ್ರಖತಿತ್ಸೆಯೊಳಗೆ ಸೇರಿತು. ದೊಡ್ಡ ಜಿಲ್ಲೆಗಳಿದ್ದರೆ ಯೋಜಿತ ಆರ್ಥಿಕತೆಗೆ ಅನುಕೂಲ ಎಂಬುದು ಅಂದಿನ ತರ್ಕ. ಫಲಿತಾಂಶ ನೋಡಿದರೆ ಸಮಾಜವಾದಿ ಯೋಜಕರು ಹಾಬ್ಸ್‌ಬರ್ಗ್ ಗುಮಾಸ್ತರ ನಕ್ಷೆಗೇ ಹತ್ತಿರ ಬಂದು ನಿಂತಿದ್ದರು. ವಿಂಪೆರ್ಕಿನವರಿಗೆ ಜಿಲ್ಲಾಕೇಂದ್ರದ ಪಟ್ಟ ದಕ್ಕಿದ್ದು ಹನ್ನೊಂದೇ ವರ್ಷ.

ಜನರಿಲ್ಲದ ಗಡಿಯಲ್ಲಿ ಕಾಡು ತನ್ನ ಪಾಡಿಗೆ ಬೆಳೆಯಿತು. 1963ರಲ್ಲಿ ಶುಮವ ಸಂರಕ್ಷಿತ ಭೂದೃಶ್ಯ ಪ್ರದೇಶವಾಯಿತು, 1990ರಲ್ಲಿ ಯುನೆಸ್ಕೊದ ಜೀವಗೋಳ ಮೀಸಲು, 1991ರಲ್ಲಿ ರಾಷ್ಟ್ರೀಯ ಉದ್ಯಾನ. ಸುಮಾರು 680 ಚದರ ಕಿಲೋಮೀಟರಿನ ಈ ಉದ್ಯಾನ ಮೂರು ಜಿಲ್ಲೆಗಳಲ್ಲಿ ಹರಡಿದೆ. ಅದರ ಮುಖ್ಯ ಕಚೇರಿ ವಿಂಪೆರ್ಕಿನಲ್ಲಿದೆ, ಪ್ರಖತಿತ್ಸೆಯಲ್ಲಿಲ್ಲ. 1992ರ ಪ್ರಕೃತಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಉದ್ಯಾನದೊಳಗೆ ಈ ವಿಷಯದ ಸರ್ಕಾರಿ ಅಧಿಕಾರ ಉದ್ಯಾನದ ಆಡಳಿತದ್ದೇ. 2007ರ ಜನವರಿಯ ಕಿರಿಲ್ ಬಿರುಗಾಳಿಗೆ ಸ್ಪ್ರೂಸ್ ಕಾಡು ಮಲಗಿ, ಬಿದ್ದ ಮರಗಳಲ್ಲಿ ತೊಗಟೆಹುಳ ಹೆಚ್ಚಿದಾಗ, ಕಡಿಯಬೇಕೋ ಬಿಡಬೇಕೋ ಎಂಬ ಜಗಳ ಪ್ರಾಗ್ ತನಕ ಹೋಯಿತು. ಆ ಜಗಳದಲ್ಲಿ ಗ್ರಾಮಗಳ ಮೇಯರುಗಳು, ಪರಿಸರವಾದಿಗಳು, ಸಚಿವರು ಎಲ್ಲರ ದನಿಯೂ ಕೇಳಿತು. ಜಿಲ್ಲೆಯ ದನಿ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ, ಏಕೆಂದರೆ ಅಷ್ಟರಲ್ಲಿ ಜಿಲ್ಲಾ ಕಚೇರಿಯೇ ಇರಲಿಲ್ಲ.

2002ರ ಕೊನೆಗೆ ಜೆಕ್ ಸರ್ಕಾರ ದೇಶದ ಎಲ್ಲ ಜಿಲ್ಲಾ ಕಚೇರಿಗಳನ್ನು ಮುಚ್ಚಿತು. ಅವುಗಳ ಕೆಲಸದಲ್ಲಿ ಕೆಲವು ಮೇಲಿನ ಪ್ರಾಂತ್ಯಕ್ಕೆ ಹೋದವು. ಗುರುತಿನ ಚೀಟಿ, ವಾಹನ ನೋಂದಣಿಯಂಥ ದಿನನಿತ್ಯದ ಕೆಲಸಗಳು 2003ರಿಂದ ‘ವಿಸ್ತೃತ ಅಧಿಕಾರದ’ ಪುರಸಭೆಗಳಿಗೆ ಬಂದವು. ಪ್ರಖತಿತ್ಸೆ ಜಿಲ್ಲೆಯ 65 ಸ್ಥಳೀಯ ಸಂಸ್ಥೆಗಳಲ್ಲಿ 44 ಪ್ರಖತಿತ್ಸೆಗೆ, 21 ವಿಂಪೆರ್ಕಿಗೆ ಸೇರಿದವು. 1960ರಲ್ಲಿ ಅಳಿಸಿದ ಗೆರೆ ಮತ್ತೊಂದು ರೂಪದಲ್ಲಿ ಮೂಡಿತು ಎನ್ನಬಹುದು. ಆದರೂ ಜಿಲ್ಲೆ ಸಾಯಲಿಲ್ಲ. ನ್ಯಾಯಾಲಯ, ಪೊಲೀಸ್, ಉದ್ಯೋಗ ಕಚೇರಿ, ಅಂಕಿಅಂಶ ಇಲಾಖೆ ಅದೇ ಗೆರೆಗಳನ್ನು ಬಳಸುತ್ತವೆ. 2021ರಿಂದ ಜಾರಿಯಾದ ಹೊಸ ಪ್ರಾದೇಶಿಕ ವಿಭಾಗ ಕಾಯ್ದೆಯೂ ಜಿಲ್ಲೆಗಳನ್ನು ಉಳಿಸಿಕೊಂಡಿದೆ.

ಇಷ್ಟು ವಿರಳ ಜನವಸತಿಯಲ್ಲಿ ಇಂಥ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಸ್ಟೊಝೆತ್ಸ್ ಒಳ್ಳೆಯ ಉದಾಹರಣೆ. ಬವೇರಿಯಾ ಗಡಿಯ ಈ ಗ್ರಾಮಪಂಚಾಯಿತಿಯ ವ್ಯಾಪ್ತಿ ನೂರು ಚದರ ಕಿಲೋಮೀಟರಿಗೂ ಹೆಚ್ಚು, ಜನ ಸುಮಾರು ಇನ್ನೂರು. ಅದರೊಳಗಿನ ನೊವೆ ಊದೊಲೀಯಿಂದ ಒಂದು ಕಾಲಕ್ಕೆ ರೈಲು ಗಡಿ ದಾಟಿ ಪಸ್ಸಾವ್ ತನಕ ಹೋಗುತ್ತಿತ್ತು. ಈಗ ಗಡಿಯ ಈಚೆಗೇ ನಿಲ್ಲುತ್ತದೆ. ಮುಂದಿನ ನೂರು ಮೀಟರಿನಷ್ಟು ಹಳಿಯನ್ನು ಉತ್ಸಾಹಿಗಳು ಮತ್ತೆ ಹಾಕಿ ಜಗತ್ತಿನ ಅತಿ ಗಿಡ್ಡ ಅಂತರರಾಷ್ಟ್ರೀಯ ರೈಲುಮಾರ್ಗ ಎಂದು ಹೆಮ್ಮೆಪಡುತ್ತಾರೆ. ಇನ್ನೂರು ಜನರಿದ್ದರೂ ಚುನಾಯಿತ ಮಂಡಳಿ ಬೇಕು, ಮೇಯರ್ ಬೇಕು, ರಸ್ತೆಯ ಹಿಮ ತೆಗೆಯಬೇಕು. ಸುತ್ತಲಿನ ಬಹುಪಾಲು ನೆಲದ ಮೇಲೆ ಮಾತ್ರ ಆ ಮಂಡಳಿಯ ಮಾತಿಗಿಂತ ಉದ್ಯಾನದ ಆಡಳಿತದ ಮಾತೇ ಮೇಲು.

ಪ್ರಖತಿತ್ಸೆಯ ಚರಿತ್ರೆಯನ್ನು ಜಿಲ್ಲಾಡಳಿತದ ಕಡತಗಳಿಂದಷ್ಟೇ ಬರೆದರೆ ಅದು ಊರುಗಳ ಚರಿತ್ರೆಯಾಗುತ್ತದೆ, ಕಾಡಿನದಾಗುವುದಿಲ್ಲ. ಆ ಕಡತಗಳು ಪ್ರಖತಿತ್ಸೆಯ ಜಿಲ್ಲಾ ಪತ್ರಾಗಾರದಲ್ಲಿವೆ. ಶ್ವಾರ್ಟ್ಸೆನ್‌ಬರ್ಗ್ ಎಸ್ಟೇಟುಗಳ ದಾಖಲೆಗಳು ಬಹುಪಾಲು ಪಕ್ಕದ ಜಿಲ್ಲೆಯ ಚೆಸ್ಕೀ ಕ್ರುಮ್ಲೊವ್‌ನಲ್ಲಿವೆ. ಈ ವಿಷಯಕ್ಕೆ ಕೈಹಾಕುವವರು ಎರಡೂ ಕಡೆ ಕೂತು ಓದಬೇಕು.