ಮುರಗೋಡದ ಜೋಳದ ಕಾಳು, ಕೊಲ್ಹಾಪುರದ ನಕ್ಷತ್ರ

ಮುರಗೋಡದ ಬಸ್ ನಿಲ್ದಾಣದಲ್ಲಿ ನೆಲದ ಮೇಲೆ ಒಂದು ಜೋಳದ ಕಾಳು ಇಡಿ. ಅದೇ ಸೂರ್ಯ ಅಂದುಕೊಳ್ಳಿ. ಈ ಲೆಕ್ಕದಲ್ಲಿ ನಮ್ಮ ಭೂಮಿ ಎಲ್ಲಿರುತ್ತದೆ? ಕಾಳಿನಿಂದ ಸುಮಾರು ಒಂದು ಮೊಳ ದೂರದಲ್ಲಿ, ಹಿಟ್ಟಿನ ಕಣದಷ್ಟು ಸಣ್ಣದಾಗಿ. ಕೊನೆಯ ಗ್ರಹ ನೆಪ್ಚೂನ್ 30 ಮೊಳ ದೂರದಲ್ಲಿ.

ಹಾಗಾದರೆ ಮುಂದಿನ ನಕ್ಷತ್ರ? ಬೈಲಹೊಂಗಲದಲ್ಲಿಲ್ಲ, ಬೆಳಗಾವಿಯಲ್ಲೂ ಇಲ್ಲ. ನೇರ ಗೆರೆ ಎಳೆದರೆ ಸುಮಾರು 120 ಕಿ.ಮೀ., ಹೆಚ್ಚುಕಡಿಮೆ ಕೊಲ್ಹಾಪುರದಲ್ಲಿ! ಸೂರ್ಯನನ್ನು ಬಿಟ್ಟರೆ ಬರಿಗಣ್ಣಿಗೆ ಕಾಣುವ ಅತಿ ಹತ್ತಿರದ ಆ ನಕ್ಷತ್ರದ ಹೆಸರು ಆಲ್ಫಾ ಸೆಂಟಾರಿ.

ಈ ದೂರ ಗೊತ್ತಿಲ್ಲದ್ದಕ್ಕೆ ಒಂದು ಕಾಲದಲ್ಲಿ ದೊಡ್ಡ ವಾದವೇ ನಡೆಯಿತು. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದು ಕೋಪರ್ನಿಕಸ್ 1543ರಲ್ಲಿ ಬರೆದ. ಟೈಕೋ ಬ್ರಾಹೆ ಒಪ್ಪಲಿಲ್ಲ. ಬಸ್ಸಿನಲ್ಲಿ ಹೋಗುವಾಗ ಹತ್ತಿರದ ಗಿಡ ಹಿಂದೆ ಸರಿದಂತೆ ಕಾಣುತ್ತದಲ್ಲವೇ? ಭೂಮಿ ಓಡುತ್ತಿದ್ದರೆ ನಕ್ಷತ್ರವೂ ಹಾಗೆ ಸರಿಯಬೇಕಿತ್ತು, ಸರಿಯುತ್ತಿಲ್ಲ ಎಂದ. ಅವನ ಪ್ರಶ್ನೆ ಸರಿಯಾಗಿಯೇ ಇತ್ತು. ನಕ್ಷತ್ರಗಳು ಅಷ್ಟು ದೂರ ಇರಬಹುದೆಂದು ನಂಬಲು ಮಾತ್ರ ಅವನಿಂದ ಆಗಲಿಲ್ಲ.

ಹೋಗಿ ಮುಟ್ಟದೆ ದೂರ ಅಳೆಯುವ ವಿದ್ಯೆ ನಮ್ಮ ನಾಡಿನ ಮೋಜಣಿಯಲ್ಲೂ ಬಳಕೆಯಾಗಿದೆ. 1800ರಲ್ಲಿ ಕಂಪನಿ ಸರಕಾರದ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ಸುಮಾರು 12 ಕಿ.ಮೀ. ಉದ್ದದ ಗೆರೆಯನ್ನು ಉಕ್ಕಿನ ಸರಪಳಿಯಿಂದ ಅಳೆದ. ಇಂಥ ಗೆರೆಯ ಎರಡೂ ತುದಿಗಳಿಂದ ದೂರದ ಗುಡ್ಡ ಯಾವ ಕೋನದಲ್ಲಿದೆ ಎಂದು ನೋಡಿದರೆ, ಅಲ್ಲಿಗೆ ಹೋಗದೆಯೇ ದೂರ ಸಿಗುತ್ತದೆ.

ಆಕಾಶಕ್ಕೂ ಇದೇ ಲೆಕ್ಕ. ಆದರೆ ಗೆರೆ ದೊಡ್ಡದು: ಜನವರಿಯಲ್ಲಿ ಭೂಮಿ ಇದ್ದ ಜಾಗದಿಂದ ಜುಲೈನಲ್ಲಿ ಇರುವ ಜಾಗದವರೆಗೆ, ಸುಮಾರು 30 ಕೋಟಿ ಕಿ.ಮೀ. ನಮ್ಮ ಕಾಳಿನ ಲೆಕ್ಕಕ್ಕೆ ಅದು ಬರೀ ಎರಡು ಮೊಳ. ಅಂದರೆ ಮುರಗೋಡದಲ್ಲಿ ಎರಡು ಮೊಳ ಪಕ್ಕಕ್ಕೆ ಸರಿದು, ಕೊಲ್ಹಾಪುರದ ಕಾಳು ಎಷ್ಟು ಸರಿದಂತೆ ಕಂಡಿತು ಎಂದು ಹೇಳಬೇಕು.

ಅದನ್ನೂ ಮನುಷ್ಯ ಹೇಳಿದ. 1838ರಲ್ಲಿ ಜರ್ಮನ್ ಖಗೋಳಜ್ಞ ಬೆಸೆಲ್ ಇನ್ನೊಂದು ನಕ್ಷತ್ರದ ದೂರ ಪ್ರಕಟಿಸಿದ. ದಕ್ಷಿಣ ಆಫ್ರಿಕಾದ ತುದಿಯಲ್ಲಿ ಕುಳಿತು 1832–33ರಲ್ಲಿ ಆಲ್ಫಾ ಸೆಂಟಾರಿಯನ್ನು ಗಮನಿಸಿದ್ದ ಥಾಮಸ್ ಹೆಂಡರ್ಸನ್ ತನ್ನ ಲೆಕ್ಕವನ್ನು 1839ರಲ್ಲಿ ಹೊರಗಿಟ್ಟ. ಕೋಪರ್ನಿಕಸ್ ಬರೆದು ಆಗಲೇ ಸುಮಾರು 300 ವರ್ಷ ಕಳೆದಿತ್ತು. ಟೈಕೋ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು: ನಕ್ಷತ್ರ ಸರಿಯುತ್ತದೆ, ಕೂದಲೆಳೆಗಿಂತ ಕಡಿಮೆ.

ಶಾಲೆಯ ಗೋಡೆಯ ಚಿತ್ರದಲ್ಲಿ ಸೂರ್ಯ, ಗ್ರಹ, ನಕ್ಷತ್ರ ಎಲ್ಲವೂ ಒಂದು ಗೇಣಿನೊಳಗೆ ಇರುತ್ತವೆ. ಮಕ್ಕಳು ಅದನ್ನೇ ನಿಜವೆಂದು ನಂಬುತ್ತಾರೆ. ಮೇ ತಿಂಗಳ ರಾತ್ರಿ 11ರ ಸುಮಾರಿಗೆ ಊರ ಹೊರಗಿನ ಬಯಲಿಗೆ ಅವರನ್ನು ಕರೆದೊಯ್ಯಿರಿ. ದಕ್ಷಿಣಕ್ಕೆ, ನೆಲದಿಂದ ಸ್ವಲ್ಪವೇ ಮೇಲೆ ಆಲ್ಫಾ ಸೆಂಟಾರಿ ಹೊಳೆಯುತ್ತಿರುತ್ತದೆ. ಅವರ ಕೈಗೆ ಒಂದು ಜೋಳದ ಕಾಳು ಕೊಟ್ಟು ಕೊಲ್ಹಾಪುರದ ಲೆಕ್ಕ ಹೇಳಿ.